ಬಂದ ನಾಯಿ, ಇದ್ದ ಊರು

ಮಾತಾಡುತ್ತಿರುವವರು ಇಬ್ಬರು. ಒಬ್ಬಾಕೆ ಹಾನಗಲ್ಲ ಸೀಮೆಯ ಮಾವಿನ ತೋಟದಲ್ಲಿ ಎರಡು ಸಣ್ಣ ಮನೆ ಕಟ್ಟಿ, ನಾಯಿ ಸಮೇತ ಬರುವ ಕುಟುಂಬಗಳಿಗೆ ರಜೆ ಕಳೆಯಲು ಬಾಡಿಗೆಗೆ ಕೊಡುತ್ತಾರೆ. ಇನ್ನೊಬ್ಬ ಹಿರೇಕೆರೂರ ಕಡೆಯ ಯುವಕ. ಮದಗದ ಕೆರೆಯ ದಿಕ್ಕಿಗೆ ಅವನ ನಾಲ್ಕು ಎಕರೆ ಹೊಲವಿದೆ, ಅಲ್ಲಿ ಅಂಥದ್ದೇ ಮನೆ ಕಟ್ಟಬೇಕೆಂಬ ಆಸೆಯಿದೆ.

— ಅಕ್ಕಾರ, ಹುಬ್ಬಳ್ಳಿಯೊಳಗ ನನ್ನ ಗೆಳ್ಯಾರು ಒಂದ ಮಾತು ಹೇಳ್ತಾರ. ಬರೇ ಕಾಟೇಜ್ ಕಟ್ಟಿದ್ರ ಯಾರೂ ಹೊಳ್ಳಿ ನೋಡೂದಿಲ್ಲ, ನಾಯಿಗೂ ಜಾಗಾ ಐತಿ ಅಂತ ಬೋರ್ಡ್ ಹಾಕಿದ್ರ ಮಂದಿ ತಾವ ಹುಡುಕ್ಕೊಂಡು ಬರ್ತಾರ ಅಂತ. ಖರೇ ಏನ್ರಿ?

— ಬರೂದು ಖರೆ. ಯಾಕ ಬರ್ತಾರ ಅನ್ನೂದನ್ನ ಮೊದಲ ತಿಳ್ಕೊ. ಬೆಂಗಳೂರಾಗ ನಾಯಿ ಸಾಕಿದವರಿಗೆ ಸೂಟಿ ಬಂತಂದ್ರ ದೊಡ್ಡ ಪೇಚಾಟ. ಬಿಟ್ಟು ಹೋಗಾಕ ಮನಸು ಬರೂದಿಲ್ಲ. ರೊಕ್ಕಾ ಕೊಟ್ಟು ಎಲ್ಲೆರ ಬಿಟ್ರ ನಾಯಿ ಊಟ ಬಿಡ್ತೈತಿ. ನೆರಿಮನಿಯವರು ಒಂದ್ ಸಲ ನೋಡ್ಕೋತಾರ, ಎರಡನೇ ಸಲಕ್ಕ ಅವರಿಗೂ ಬ್ಯಾಸರ. ರೈಲಿನ್ಯಾಗ ಒಯ್ಯಬೇಕಂದ್ರ ಫಸ್ಟ್ ಕ್ಲಾಸಿನ ಕೂಪೆ ಪೂರಾ ಹಿಡೀಬೇಕು, ಇಲ್ಲಾಂದ್ರ ಗಾರ್ಡ್ ಡಬ್ಬಿಯ ಪೆಟಿಗ್ಯಾಗ ಕೂಡಿಸಬೇಕು. ಹಿಂಗಾಗಿ ಎಲ್ಲಾರೂ ಕಾರ್ ತಗೊಂಡು ಹೊಂಡ್ತಾರ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟದವರು ಇದನ್ನ ಬಲು ಮುಂಚೆ ಅರ್ಥಾ ಮಾಡ್ಕೊಂಡ್ರು. ನಮ್ಮ ಸೀಮ್ಯಾಗ ಈಗ ಕಣ್ಣು ತಗಿಯಾಕತ್ತೇವಿ.

— ಕಾಫಿ ತೋಟ, ಮಂಜು, ಜಲಪಾತ ನಮ್ಮಲ್ಲೆ ಎಲ್ಲಿ ಬರಬೇಕ್ರಿ? ಏನ್ ನೋಡಾಕಂತ ಬರ್ತಾರ?

— ನಾಯಿ ಕರ್ಕೊಂಡು ಬರಾವರು ನೋಡಾಕ ಬರೂದಿಲ್ಲ ತಮ್ಮಾ, ಇರಾಕ ಬರ್ತಾರ. ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರು, ನಮ್ಮ ನಾಕೂ ತಾಲೂಕು ನಾಕು ನಮೂನಿ. ಪುಣೆ–ಬೆಂಗಳೂರು ಹೆದ್ದಾರಿ ಶಿಗ್ಗಾವಿ ತಾಲೂಕು ಹಾಯ್ದು ಹೊಕ್ಕೈತಿ. ಬೆಂಗಳೂರಿಂದ ಬೆಳಗಾವಿಗೆ, ಗೋವಾಕ್ಕ, ಪುಣೆಗೆ ಹೊಂಟವರು ಆರು ತಾಸು ಗಾಡಿ ಹೊಡೆದ ಮ್ಯಾಲ ಸೊಂಟ ಹಿಡಿಯೂದು ಹಾವೇರಿ ಜಿಲ್ಲಾದಾಗ. ಹಿಂದಿನ ಸೀಟಿನ ನಾಯಿಗೂ ಅಷ್ಟೊತ್ತಿಗೆ ಸಾಕಾಗಿರ್ತೈತಿ. ಅವರಿಗೆ ಬೇಕಾಗೂದು ಒಂದು ರಾತ್ರಿ, ಒಂದು ಬೇಲಿ ಹಾಕಿದ ಅಂಗಳ, ಬಿಸಿ ರೊಟ್ಟಿ. ಶಿಗ್ಗಾವಿಯ ವ್ಯಾಪಾರ ಅದು. ಸವಣೂರು ಹೆದ್ದಾರಿಯಿಂದ ಒಂಚೂರು ಒಳಗಾದ್ರೂ ಅಲ್ಲಿಯೂ ಅಂಥಾದ್ದ. ಹಾನಗಲ್ಲ, ಹಿರೇಕೆರೂರಿಗೆ ಒಳಗ ಹೊಳ್ಳಿ ಬರಬೇಕು, ಹಿಂಗಾಗಿ ಬಂದವರು ಎರಡು ಮೂರು ರಾತ್ರಿ ಕೂಡ್ತಾರ. ಹಾನಗಲ್ಲಿಗೆ ಮಲೆನಾಡಿನ ಗಾಳಿ ತಾಗೈತಿ, ಭತ್ತ ಐತಿ, ಮಾವು ಐತಿ, ಕೆರಿ ಅದಾವ. ನಿಮ್ಮ ಕಡೆ ಗುಡ್ಡ, ಕುಮುದ್ವತಿ ನೀರು.

— ಹಂಗಾದ್ರ ಸವಣೂರಿನ್ಯಾಗ ಕಟ್ಟಾವರಿಗೂ ಹಾನಗಲ್ಲಿನ್ಯಾಗ ಕಟ್ಟಾವರಿಗೂ ಫರಕ್ ಐತೇನ್ರಿ?

— ಬಾಳ. ಸವಣೂರಿನ ಎರಿ ಹೊಲ ಏಪ್ರಿಲ್‌ದಾಗ ಕಾದು ಬಿರೀತೈತಿ. ಮೂಗು ಚಪ್ಪಟಿ ಇರೂ ನಾಯಿ ಇರ್ತಾವಲ್ಲ, ಪಗ್, ಬುಲ್‌ಡಾಗ್, ಅವಕ್ಕ ಆ ಬಿಸಲಾಗ ಉಸಿರ ಹತ್ತೂದಿಲ್ಲ. ನಾಯಿಗೆ ನಮ್ಮಂಗ ಮೈ ಬೆವರೂದಿಲ್ಲ, ನಾಲಗಿ ಚಾಚಿ ತೇಕೇ ಅದು ಮೈಯಾನ ಕಾವು ಇಳಸ್ಕೋಬೇಕು. ಮೂಗು ಗಿಡ್ಡ ಆದ್ರ ಆ ದಾರಿನೂ ಗಿಡ್ಡ. ಮಟ ಮಟ ಮಧ್ಯಾಹ್ನದಾಗ ದೊಡ್ಡಹುಣಸಿ ಮರ ತೋರಸ್ತೇವಿ ಅಂತ ಕರ್ಕೊಂಡು ಹೊಂಟ್ರ, ಹೊಳ್ಳಿ ಬರೂದ್ರಾಗ ನಾಯಿ ಕುಸೀತೈತಿ. ಸವಣೂರಾಗ ಬ್ಯಾಸಗಿಗೆ ಇಂಥಾ ನಾಯಿ ಬ್ಯಾಡ ಅಂತ ಮೊದಲ ಹೇಳಿಬಿಡಬೇಕು. ಮಳಿಗಾಲಕ್ಕ ಅದ ಎರಿ ಮಣ್ಣು ಬೆರಳಿನ ಸಂದ್ಯಾಗ ಹೊಕ್ಕು, ಒಣಗಿ ಗಂಟಾಗಿ, ನಾಯಿ ಕುಂಟಾಕ ಹತ್ತತೈತಿ. ಬಾಗಲ ಮುಂದ ಒಂದು ನಳ, ಒಂದು ಕಟ್ಟಿ, ಒಂದು ಗೋಣಿತಟ್ಟು. ನಾ ಹಾಕಿದ ದುಡ್ಡಿನ್ಯಾಗ ಎಲ್ಲಾಕ್ಕಿಂತ ಕಡಿಮಿ ಅದಕ್ಕ ಹೋತು, ಎಲ್ಲಾಕ್ಕಿಂತ ಹೆಚ್ಚು ಕೆಲಸಕ್ಕ ಬಂದದ್ದು ಅದ.

— ಮನಿ ಒಳಗ ಟೈಲ್ಸ್ ಹಾಕಸಬೇಕಂತ ಮಾಡೇನ್ರಿ. ಒರಸಾಕ ಹಗುರ.

— ಹೊಳಿಯೂ ಟೈಲ್ಸ್ ಬ್ಯಾಡ. ವಯಸ್ಸಾದ ನಾಯಿ ಅದರ ಮ್ಯಾಲ ಏಳಾಕ ಹೋಗಿ ಹಿಂಗಾಲು ಜಾರಿ ಬೀಳ್ತಾವ, ಚೊಪ್ಪಿ ನೋವಿದ್ದ ನಾಯಿಗಂತೂ ಅದು ಶಿಕ್ಷಾ. ಒರಟು ಶಹಾಬಾದ ಫರಸಿ ಹಾಕಸು. ಸಂದಿ ಮಾತ್ರ ಒಂದೂ ಬಿಡಬ್ಯಾಡ, ಗ್ವಾಡಿಗೂ ನೆಲಕ್ಕೂ ಕೂಡೂ ಮೂಲಿ ಸೈತ ಸಿಮೆಂಟ್ ತುಂಬಸು. ನಾಯಿ ಉಣ್ಣಿ ತತ್ತಿ ಇಡೂದು ನಾಯಿ ಮೈಮ್ಯಾಲ ಅಲ್ಲ, ಗ್ವಾಡಿ ಬಿರಕಿನ್ಯಾಗ. ಒಂದೊಂದು ಹೆಣ್ಣುಣ್ಣಿ ಸಾವಿರಗಟ್ಟಲೆ ಇಡ್ತೈತಿ. ಇವತ್ತು ಬಂದ ನಾಯಿ ಬಿಟ್ಟು ಹೋದದ್ದು ಮುಂದಿನ ತಿಂಗಳ ಬಂದ ನಾಯಿಗೆ ಹತ್ತತೈತಿ. ಜ್ವರಾ ಬಂದು, ರಕ್ತ ಕಡಿಮಿ ಆಗಿ ಆ ನಾಯಿ ಊರಿಗೆ ಹೋಗಿ ಮಲಗಿದ್ರ, ಹತ್ತಿದ್ದು ನಿನ್ನ ಮನ್ಯಾಗ ಅಂತ ಅವರಿಗೂ ತಿಳಿಯೂದಿಲ್ಲ, ನಿನಗೂ ತಿಳಿಯೂದಿಲ್ಲ. ಅದಕ್ಕ ಒಬ್ಬರು ಹೋದ ದಿನಾನ ಇನ್ನೊಬ್ಬರನ್ನ ಇಳಸಬಾರದು. ನಡುವ ಒಂದು ದಿನ ಖಾಲಿ ಇಟ್ಟು, ಹಾಸಿಗಿ ಬಿಸಲಿಗೆ ಹಾಕಿ, ನೆಲಾ ಕುದಿ ನೀರಿಲೆ ತೊಳಸು. ಕರೇ ಫಿನಾಯಿಲ್ ಬ್ಯಾಡ, ಒದ್ದಿ ನೆಲಾ ತುಳದು ಕಾಲು ನೆಕ್ಕೂ ಪ್ರಾಣಿಗೆ ಅದು ವಿಷ. ಆ ಖಾಲಿ ದಿನದ ಬಾಡಿಗಿ ಹೋತು ಅಂತ ಮರುಗಾವ ಈ ಕೆಲಸಕ್ಕ ಇಳೀಬಾರದು.

— ಹಾನಗಲ್ಲ ಕಡೆ ಉಣ್ಣಿ ಕಾಟ ಹೆಚ್ಚು ಅಂತಾರಲ್ರಿ?

— ಹಸರು ಹೆಚ್ಚಿದ್ದಲ್ಲೆ ಉಣ್ಣಿ ಹೆಚ್ಚು. ಮ್ಯಾಲ ಒಂದು ಮಾತು ನೆನಪಿಡು. ನಮ್ಮ ಬಾಜೂಕಿನ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ್ಯಾಗ 1957ರಾಗ ಮಂಗನ ಕಾಯಿಲೆ ಗೊತ್ತಾತು. ಅದನ್ನ ಹಬ್ಬಸೂದು ಕಾಡಿನ ಉಣ್ಣಿ, ಅದರ ಜೋರು ಚಳಿಗಾಲದಿಂದ ಬ್ಯಾಸಗಿ ಮುಗಿಯೂ ತನಕ. ಪ್ರವಾಸಿಗಳು ಬರೂದೂ ಅದ ತಿಂಗಳದಾಗ. ಬಂದವರು ಗೂಗಲ್ ನೋಡಿ, ಇಲ್ಲೇ ಪಶ್ಚಿಮಕ್ಕ ಕಾಡೈತಿ, ನಾಯಿ ಕರ್ಕೊಂಡು ಒಂದು ಸುತ್ತು ಹಾಕ್ತೇವಿ ಅಂತಾರ. ನಾ ಕೈ ಮುಗದು ಬ್ಯಾಡ ಅಂತೇನಿ. ತೋಟದಾಗ ತಿರಗ್ರಿ, ಕೆರಿ ಏರಿ ಮ್ಯಾಲ ತಿರಗ್ರಿ, ಕಾಡಿಗೆ ಬ್ಯಾಡ. ತಿರಗಿ ಬಂದ ಮ್ಯಾಲ ಜಗಲಿ ಮ್ಯಾಲ ಕೂತು ನಾಯಿ ಕಿವಿ ಹಿಂದ, ಕಂಕಳಾಗ, ಬೆರಳ ಸಂದ್ಯಾಗ ಕೈಯಾಡ್ಸಿ ನೋಡೂದು ಕಲಸ್ತೇನಿ. ಅವರ ಮಕ್ಕಳು ಅದನ್ನ ಬಾಳ ಆಸ್ಥಾದಿಂದ ಮಾಡ್ತಾವ.

— ಬೇಲಿ ವಿಚಾರ ಹೇಳ್ರಿ. ನಾಕೂ ಎಕರೆ ಸುತ್ತ ಜಾಳಗಿ ಹಾಕಿಸಿಬಿಟ್ರ ನಾಯಿ ಆರಾಮ ಓಡ್ತಾವ. ಅದರ ಫೋಟೋ ನೋಡೇ ಮಂದಿ ಬರ್ತಾರ ಅಂತ ನನ್ನ ಲೆಕ್ಕ.

— ಬೇಲಿ ಮಾತಿಗೆ ಆಮ್ಯಾಲ ಬರ್ತೇನಿ. ಅದಕ್ಕಿಂತ ಮೊದಲ ನಿನಗ ಕುರಿದೊಂದು ಹೇಳಬೇಕು. ಸುಗ್ಗಿ ಮುಗದ ಮ್ಯಾಲ ಕುರುಬರ ಹಿಂಡು ನಮ್ಮ ಸೀಮಿಗೆ ಬರೂದು ನಿನಗ ಗೊತ್ತ ಐತಿ.

— ಹೌದ್ರಿ, ನಮ್ಮ ಹೊಲದಾಗೂ ಅಪ್ಪ ತರಬಸ್ತಿದ್ದ. ಒಂದು ರಾತ್ರಿ ಕುರಿ ಮಲಗಿದ್ರ ಗಾಡಿ ಗೊಬ್ಬರ ಹಾಕಿದಂಗ.

— ಹೂಂ. ಶಿಗ್ಗಾವಿ ಕಡೆ ಒಂದು ತೋಟದಾಗ, ಯಾರದಂತ ಬ್ಯಾಡ, ಬಾಜೂ ಹೊಲದಾಗ ಹಿಂಡು ತರಬಿದ್ರು. ನಾ ಅವತ್ತು ಅಲ್ಲೇ ಹೋಗಿದ್ದೆ. ಪ್ರವಾಸಿಗಳ ಲ್ಯಾಬ್ರಡಾರ್ ಇತ್ತು, ಎರಡು ವರ್ಷದ ಹರೇದ ನಾಯಿ. ಅದರ ಜನ್ಮದಾಗ ಕುರಿ ಕಂಡದ್ದಿಲ್ಲ. ಯಾರೋ ಗೇಟ್ ತಗದ್ರು, ನಾಯಿ ಹಾರಿ ಹೋತು. ಅದು ಕಚ್ಚಲಿಲ್ಲ ತಮ್ಮಾ. ಒಂದಕ್ಕೂ ಹಲ್ಲು ಹಚ್ಚಲಿಲ್ಲ. ಬಾಲ ಆಡಿಸ್ಕೋತ ಅವುಗಳ ಸುತ್ತ ಓಡಿತು, ಅಷ್ಟ. ಹಿಂಡು ಬೆದರಿ ಮುಳ್ಳಬೇಲಿ ಮೂಲಿಗೆ ನುಗ್ಗಿತು, ಒಂದರ ಮ್ಯಾಲ ಒಂದು ಬಿತ್ತು. ಗಬ್ಬದ ಕುರಿ ಇದ್ವು. ಮರುದಿನ ಮುಂಜಾನೆ ಎರಡು ಕುರಿ ತಿಂಗಳ ತುಂಬದ ಮರಿ ಹಾಕಿದ್ವು. ಹಿಂಡಿನ ಹೆಣ್ಣಮಗಳು ಒಂದನ್ನ ಸೆರಗಿನ್ಯಾಗ ಹಿಡ್ಕೊಂಡು ಬಂದಿದ್ಲು, ಅದರ ಮೈಮ್ಯಾಲ ತುಪ್ಪಟ ಸೈತ ಪೂರಾ ಹುಟ್ಟಿರಲಿಲ್ಲ, ಗೊರಸು ಹಳದಿ, ಬೆಣ್ಣಿಯಷ್ಟು ಮೆತ್ತಗ. ನಾಯಿಯವರು ಕೆಟ್ಟ ಮಂದಿ ಅಲ್ಲ. ಅವರಿಗೂ ಕಣ್ಣಾಗ ನೀರು ಬಂತು. ಆದ್ರ ಅವರ ಬಾಯಾಗ ಬಂದ ಮೊದಲನೇ ಮಾತು, ನಮ್ಮದು ಆಟಾ ಆಡಾಕ ಹೋಗಿತ್ತು, ಅಂತ.

— ರೊಕ್ಕಾ ಕೊಟ್ರೇನ್ರಿ?

— ಕೊಟ್ರು. ರೊಕ್ಕದ ಮಾತು ನಾ ಹೇಳಾಕತ್ತಿಲ್ಲ. ಆ ಹೆಣ್ಣಮಗಳು ಆ ಸೀಮಿಗೆ ಹೊಸಬಳಲ್ಲ, ಅವರತ್ತಿ ಕಾಲದಿಂದ ಆ ಹಾದಿ ಹಿಡದು ಬರಾಕಿ. ಮೊನ್ನೆ ಬಂದದ್ದು ಕಾಟೇಜು. ಮರುವರ್ಷದಿಂದ ಆ ಹಿಂಡು ಆ ಹಾದಿ ಬಿಟ್ಟಿತು, ಸುತ್ತಲ ನಾಕಾರು ಹೊಲದವರಿಗೆ ಗೊಬ್ಬರ ಇಲ್ಲದಂಗಾತು. ಊರವರು ಆ ತೋಟದವರ ಜೋಡಿ ಮಾತು ಕಡಿಮಿ ಮಾಡಿದ್ರು. ನೋಡು, ನಾಯಿಗೆ ಒಳಗ ಜಾಗಾ ಕೊಡೂದು ಈ ಕೆಲಸದಾಗ ಹಗುರಾದದ್ದು. ಆ ನಾಯಿ ಬರೂಕಿಂತ ಮೊದಲ ಅಲ್ಲೆ ಯಾರ್ಯಾರು ಇದ್ರೋ, ಕುರಿ, ಎತ್ತು, ಊರನಾಯಿ, ನವಿಲು, ಹೊಲಕ್ಕ ಹೋಗೂ ಹೆಣ್ಣಮಕ್ಕಳು, ಅವರೆಲ್ಲಾರ ದಿನ ಹೆಂಗಿತ್ತೋ ಹಂಗ ಇರೂ ಹಂಗ ನೋಡ್ಕೊಳೂದು ಬಿಗಿಯಾದದ್ದು. ನನ್ನ ಬೋರ್ಡಿನ ಮ್ಯಾಲ ನಾಯಿ ಚಿತ್ರ ಐತಿ, ಆದ್ರ ನನ್ನ ದುಡಿತದ ಮುಕ್ಕಾಲು ಪಾಲು ಊರಿನ ಸಲುವಾಗಿ.

— ಊರನಾಯಿ ಅಂದ್ರಲ್ಲ, ಅವು ಬಂದ ನಾಯಿಗೆ ಕಚ್ಚಾಕ ಬರೂದಿಲ್ಲೇನ್ರಿ? ನನಗ ಅದರದ ಅಂಜಿಕಿ.

— ಬರ್ತಾವ. ಬರೂದು ಅವುಗಳ ಹಕ್ಕು. ಆ ಓಣಿ ಅವುಗಳದು. ನಾ ಮೊದಲ ಮಾಡಿದ ಕೆಲಸ ಅಂದ್ರ ಅಡಿಪಾಯ ಹಾಕೂಕಿಂತ ಮೊದಲ ಪಶು ಆಸ್ಪತ್ರಿಗೆ ಹೋದದ್ದು. ನಮ್ಮೂರಿನ ಎಲ್ಲಾ ನಾಯಿಗೂ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಸ್ಬೇಕ್ರಿ, ಬರ್ರಿ ಅಂದೆ. ಸೆಪ್ಟೆಂಬರ್ 28ಕ್ಕ ವಿಶ್ವ ರೇಬಿಸ್ ದಿನ ಬರ್ತೈತಿ, ಲೂಯಿ ಪಾಶ್ಚರ್ ತೀರಿಕೊಂಡ ದಿನ ಅದು. ಆ ಹೊತ್ತಿಗೆ ಇಲಾಖಿಯವರೂ ಲಸಿಕಿ ಹಾಕಾಕ ತಯಾರ್ ಇರ್ತಾರ, ಹಿಡಕೊಡಾವರು ಬೇಕು ಅಷ್ಟ. ಊರಿನ ಹುಡುಗ್ರು ಹಿಡದ್ರು. ಯಾವ ನಾಯಿಗೆ ಯಾರ ಮನಿಯ ಮುಂದ ಅನ್ನಾ ಬೀಳ್ತೈತಿ ಅನ್ನೂದು ಹುಡುಗರಿಗೆ ಬಾಯಿಪಾಠ. ನಾಯಿಮರಿಗೆ ಮೂರು ತಿಂಗಳಿಗೆ ಮೊದಲ ಸೂಜಿ, ಆಮ್ಯಾಲ ವರ್ಷಾ ವರ್ಷಾ. ಈಗ ಅದರ ಖರ್ಚು ನನ್ನ ಬಾಡಿಗಿ ಲೆಕ್ಕದಾಗ ಸೇರೈತಿ, ಬಂದವರಿಗೆ ಚೀಟಿಯೊಳಗ ಬರದು ತೋರಸ್ತೇನಿ. ಬ್ಯಾಡ ಅಂದವರು ಇನ್ನೂ ಒಬ್ಬರೂ ಇಲ್ಲ.

— ಬರೂ ನಾಯಿಗಳದೂ ಪುಸ್ತಕ ನೋಡ್ತೀರಿ?

— ನೋಡದ ಗೇಟ್ ತಗಿಯೂದಿಲ್ಲ. ಸೂಜಿ ಹಾಕ್ಸಿ ತಿಂಗಳಾಗಿರಬೇಕು, ವರ್ಷ ದಾಟಿರಬಾರದು. ರೇಬಿಸ್ ಒಂದ್ ಸಲ ಲಕ್ಷಣ ತೋರಿಸಿತಂದ್ರ ಮನಷ್ಯಾನೂ ಉಳಿಯೂದಿಲ್ಲ, ನಾಯಿನೂ ಉಳಿಯೂದಿಲ್ಲ. ಅದಕ್ಕ ಯಾರ ಮುಖಾ ನೋಡಿಯೂ ಇದ್ರಾಗ ಸಡಿಲ ಬಿಡೂದಿಲ್ಲ. ಕಚ್ಚಿದ್ರ, ಹಲ್ಲು ತಾಗಿದ್ರ ಸೈತ, ಹದಿನೈದು ನಿಮಿಷ ಸಬಕಾರ ಹಚ್ಚಿ ಹರಿಯೂ ನೀರಿನ್ಯಾಗ ತೊಳೀಬೇಕು, ಆಮ್ಯಾಲ ಸೀದಾ ಸರಕಾರಿ ದವಾಖಾನಿ. ಅರಿಶಿಣ, ಸುಣ್ಣ, ಮೆಣಸಿನಪುಡಿ ಏನೂ ಹಚ್ಚಬಾರದು. ಇದನ್ನ ದೊಡ್ಡ ಅಕ್ಷರದಾಗ ಬರದು ಪ್ರತಿ ಮನಿ ಬಾಗಲ ಹಿಂದ ಅಂಟಿಸೇನಿ. ನಮ್ಮ ಕೆಲಸದವರು ಅದನ್ನ ಓದಿ ಓದಿ ತಮ್ಮ ತಮ್ಮ ಓಣಿಗೂ ಒಯ್ದಾರ.

— ನಾಯಿಗೆ ಕಂಟಕ ಅಂದ್ರ ಮತ್ತೇನೇನು ಅದಾವ್ರಿ ಹೊಲದಾಗ?

— ಹಾವು ಎಲ್ಲಾರಿಗೂ ಗೊತ್ತು. ಬದುವಿನ್ಯಾಗ ಕೊಳಕಮಂಡಲ ಮಲಗಿರ್ತೈತಿ, ನಾಯಿ ಮೂಗು ಹಾಕೂದು ಅಲ್ಲೇ. ತೆರದ ಬಾವಿಗೆ ಕಬ್ಬಿಣದ ಜಾಳಗಿ ಹಾಕಸು. ಜನಾ ಮರಿಯೂದು ಎರಡು: ಒಂದು, ಇಲಿಗಂತ ಇಟ್ಟ ಪಾಷಾಣದ ಕಾಳು, ಹತ್ತಿಗೆ ಮೆಣಸಿನಕಾಯಿಗೆ ಹೊಡದ ಎಣ್ಣಿ. ನೆರೆ ಹೊಲದವರು ಎಂದು ಎಣ್ಣಿ ಹೊಡೀತಾರ ಅಂತ ಮೊದಲ ಕೇಳಿ ಇಟ್ಕೋಬೇಕು, ಅವತ್ತು ಆ ಕಡಿಗೆ ನಾಯಿ ಬಿಡಬಾರದು. ಇನ್ನೊಂದು, ಕಾಡಹಂದಿಗಂತ ಇಡೂ ಸಿಡಿಮದ್ದು. ಗೋಂಜೋಳ ತೆನಿ ಕಟ್ಟೂ ಹೊತ್ತಿನ್ಯಾಗ ಗುಡ್ಡದ ಅಂಚಿನ್ಯಾಗ ಕದ್ದು ಇಡಾವರು ಅದಾರ, ಹಿಟ್ಟಿನ ಉಂಡಿಯೊಳಗ. ನಾಯಿ ಬಾಯಿ ಹಾಕಿದ್ರ ದವಡಿ ಹಾರಿ ಹೊಕ್ಕೈತಿ. ನಿಮ್ಮದು ಗುಡ್ಡದ ಅಂಚು, ನೀ ಇದನ್ನ ಮನಸಿನ್ಯಾಗ ಇಟ್ಕೊ. ಚಿರತಿಗೂ ನಾಯಿ ಅಂದ್ರ ಆಸಿ. ಕತ್ತಲಾದ ಮ್ಯಾಲ ನಾಯಿ ಹೊರಗ ಕಟ್ಟಾಕ ಯಾರಿಗೂ ಬಿಡಬ್ಯಾಡ.

— ಡಾಕ್ಟರ್ ಬೇಕಂದ್ರ?

— ತಾಲೂಕಿನ ಪಶು ಆಸ್ಪತ್ರಿ ಡಾಕ್ಟರ್ ನಂಬರ್ ಇಟ್ಕೊ, ಪಶು ಸಹಾಯವಾಣಿ 1962 ನಂಬರ್ ಇಟ್ಕೊ. ಅದಕ್ಕ ಮೀರಿದ್ದು ಅಂದ್ರ ನಮಗ ಹುಬ್ಬಳ್ಳಿ, ನಿಮಗ ಶಿವಮೊಗ್ಗದ ಪಶುವೈದ್ಯ ಕಾಲೇಜು. ಬರಾವರಿಗೆ ಬುಕ್ಕಿಂಗ್ ಹೊತ್ತಿನ್ಯಾಗ ಇದನ್ನ ಹೇಳು, ಇಲ್ಲಿಂದ ದೊಡ್ಡ ಆಸ್ಪತ್ರಿ ಇಷ್ಟು ದೂರ ಐತಿ ಅಂತ. ಕೇಳಿ ಅಂಜಿ ಬಿಟ್ಟವರು ಬಿಡಲಿ.

— ಮುಧೋಳ ನಾಯಿ ತರಾವರು ಬರ್ತಾರೇನ್ರಿ?

— ಬರ್ತಾರ, ಈಚೀಚೆಗೆ ಹೆಚ್ಚು. 2005ರಾಗ ಅಂಚಿ ಇಲಾಖಿ ಆ ನಾಯಿ ಚಿತ್ರದ ಸ್ಟಾಂಪ್ ತಂದಿತ್ತು. ಮುಧೋಳ ಹತ್ರ ತಿಮ್ಮಾಪುರದಾಗ ಪಶುವೈದ್ಯ ವಿಶ್ವವಿದ್ಯಾಲಯದವರ ತಳಿ ಕೇಂದ್ರನೂ ಐತಿ. ನನಗ ಆ ನಾಯಿ ಕಂಡ್ರ ಎದಿ ಉಬ್ಬತೈತಿ, ನಮ್ಮ ಬಿಸಲಿಗೆ ಹುಟ್ಟಿದ ಮೈ ಅದು, ಸವಣೂರಿನ ಬ್ಯಾಸಗಿನೂ ತಡಕೋತೈತಿ. ಆದ್ರ ಅದು ಮೂಗಿನ ನಾಯಿ ಅಲ್ಲ, ಕಣ್ಣಿನ ನಾಯಿ. ದೂರದಾಗ ಮಲಾ ಹಾರಿದ್ದು ಕಂಡಿತಂದ್ರ ನಿನ್ನ ಕೂಗು ಅದರ ಕಿವಿಗೆ ಬೀಳೂದಿಲ್ಲ. ಐದಡಿ ಬೇಲಿ ಅದಕ್ಕ ಹೊಸ್ತಿಲ ಇದ್ದಂಗ. ಆರಡಿ ಜಾಳಗಿ ಬೇಕು, ಕೆಳಗ ಒಂದಡಿ ಮಣ್ಣಾಗ ಹುಗದಿರಬೇಕು, ಗೇಟ್ ಎರಡು, ನಡುವ ನಾಕು ಹೆಜ್ಜಿ ಜಾಗಾ. ಒಂದು ತಗದಾಗ ಇನ್ನೊಂದು ಮುಚ್ಚಿರಬೇಕು. ಶಿಗ್ಗಾವಿಯ ಆ ತೋಟದಾಗ ಎರಡನೇ ಗೇಟ್ ಇದ್ದಿದ್ರ ಆ ಮರಿ ಬದುಕ್ತಿದ್ವು.

— ಬಂದವರು ಬಂಕಾಪುರ ಕೋಟಿ, ತಾರಕೇಶ್ವರ ಗುಡಿ, ಬಾಡದ ಕನಕದಾಸರ ಅರಮನಿ ನೋಡಬೇಕಂತಾರಲ್ಲ, ಆವಾಗ ನಾಯಿ?

— ಹಾನಗಲ್ಲಿನ ತಾರಕೇಶ್ವರ ಗುಡಿ ಪುರಾತತ್ವ ಇಲಾಖಿದು, ಅದರ ಒಳಗ ನಾಯಿ ಒಯ್ಯೂ ಹಂಗಿಲ್ಲ. ಬಂಕಾಪುರ ಕೋಟ್ಯಾಗ ನವಿಲು ಧಾಮ ಐತಿ. ನವಿಲು ನೆಲದ ಮ್ಯಾಲ ತತ್ತಿ ಇಡೂ ಹಕ್ಕಿ, ನಾಯಿ ವಾಸನಿ ಹಿಡದು ಗಿಡಗಂಟಿಯೊಳಗ ಹೊಕ್ಕರ ಮುಗೀತು. ಅಲ್ಲಿಗೆ ಹಗ್ಗ ಕಟ್ಟಿಯೂ ಬ್ಯಾಡ. ಮನಿಯವರು ಇಬ್ಬರಿಬ್ಬರಾಗಿ ಹೋಗಿ ಬರ್ರಿ, ಇಬ್ಬರು ನಾಯಿ ಜೋಡಿ ಜಗಲಿ ಮ್ಯಾಲ ಕೂಡ್ರಿ ಅಂತೇನಿ. ಹಂಗ ಕೂತವರು ನಮ್ಮ ತೋಟಾ ಹೆಚ್ಚು ನೋಡ್ತಾರ. ಮುಂಜಾನೆ ಬೆಳಕ ಹರಿಯೂ ಮುಂದ ಕೆರಿ ಏರಿ ಮ್ಯಾಲ ನಡಿಯಾಕ ನಾನ ಒಮ್ಮೊಮ್ಮೆ ಜೋಡಿ ಹೋಗ್ತೇನಿ, ಹಗ್ಗ ಕೈಯಾಗ. ನಗರದ ನಾಯಿ ಮೊದಲನೇ ದಿನ ಹುಲ್ಲಿನ ಮ್ಯಾಲ ಕಾಲಿಡಾಕ ಹಿಂದ ಮುಂದ ನೋಡ್ತೈತಿ. ಎರಡನೇ ದಿನಾ ಮೂಗು ನೆಲಕ್ಕ ಹಚ್ಚಿದ್ದು ಎತ್ತೂದಿಲ್ಲ. ಮೂರನೇ ದಿನಕ್ಕ ಮಲಗಿದ್ರ ಎಳಿ ಬಿಸಲಾಗ ಕಾಲು ಚಾಚಿ, ನಿದ್ದಿಯೊಳಗ ಓಡ್ತಿರ್ತೈತಿ. ಅದನ್ನ ನೋಡಾಕ ಸಿಗತೈತಲ್ಲ, ಅದರ ಸಲುವಾಗೇ ನಾ ಇಷ್ಟೆಲ್ಲಾ ತ್ರಾಸ ತಗೊಂಡೇನಿ.

— ದೀಪಾವಳಿ ಸೂಟಿಗೆ ಬಾಳ ಮಂದಿ ಕೇಳ್ತಾರಂತಲ್ರಿ?

— ಕೇಳ್ತಾರ, ನಾ ಕೊಡೂದಿಲ್ಲ. ನಮ್ಮ ಜಿಲ್ಲಾದಾಗ ದೀಪಾವಳಿ ಅಂದ್ರ ಹೋರಿ ಹಬ್ಬ. ಕೊಬ್ಬರಿ ಸರ ಕಟ್ಟಿದ ಹೋರಿ ಓಣ್ಯಾಗ ಹಾರಿ ಬರ್ತಾವ, ಜನಾ ಕೂಗ್ತೈತಿ, ಪಟಾಕಿ ಸಿಡೀತಾವ. ಅದು ಹೋರಿಯ ಹಬ್ಬ. ಅವತ್ತು ನಾಯಿಗೆ ಅಲ್ಲೆ ಜಾಗಾ ಇಲ್ಲ. ಹೊರಗಿನ ನಾಯಿ ಬೊಗಳಿ ಹೋರಿ ದಿಕ್ಕು ತಪ್ಪಿದ್ರ ಮನಷ್ಯಾರ ಜೀವ ಹೊಕ್ಕೈತಿ. ಆ ದಿನ ಎರಡೂ ಮನಿ ಮುಚ್ಚಿರ್ತಾವ. ಉಳದಂಗ ಅಕ್ಟೋಬರ್‌ದಿಂದ ಫೆಬ್ರುವರಿ ತನಕ ಚಲೋ ಕಾಲ. ಮಾವಿನ ಹಂಗಾಮಿಗೆ ಮಂದಿ ಹಣ್ಣಿನ ಆಸಿಗೆ ಬರ್ತಾರ, ಬಿಸಲು ತಡಕೊಳೂ ನಾಯಿ ಇದ್ರ ಮಾತ್ರ ಹೂಂ ಅಂತೇನಿ.

— ಅಡಗಿಮನಿಗೆ ನಾಯಿ ಬಿಡ್ತೀರೇನ್ರಿ?

— ಇಲ್ಲ. ಅಡಗಿ ಮಾಡಾಕಿ ಅದನ್ನ ಮೊದಲನೇ ದಿನಾನ ಹೇಳಿದ್ಲು, ನಾ ಒಪ್ಪಿಕೊಂಡೆ. ಸವಣೂರು, ಬಂಕಾಪುರದ ಕಡೆ ಮುಸಲ್ಮಾನರ ಮನಿ ಬಾಳ, ನಾಯಿ ಜೊಲ್ಲು ಬಟ್ಟಿಗೆ ಹತ್ತಿದ್ರ ಅವರು ತೊಳಕೊಂಡೇ ನಮಾಜಿಗೆ ಹೋಗಬೇಕು. ನಮ್ಮಲ್ಲಿ ಕೆಲಸಕ್ಕ ಬರೂ ಒಬ್ಬಾಕಿ ಹಂಗ ಹೇಳಿದ್ಲು. ಆಕಿಗೆ ತೋಟದ ಕಡಿ ಕೆಲಸ ಕೊಟ್ಟೆ, ಪಗಾರ ಒಂದ. ಬಂದ ಅತಿಥಿಗೆ ನಮ್ಮ ನಾಯಿ ಯಾರಿಗೂ ಏನೂ ಮಾಡೂದಿಲ್ಲ ಅಂತ ಅನಿಸಬಹುದು. ಎದುರಿನಾಕಿಗೆ ತನ್ನ ನಡಾವಳಿ ಇರ್ತೈತಿ. ಊಟದ್ದು ಇನ್ನೊಂದು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣದ್ರಾಕ್ಷಿ, ಚಾಕಲೇಟು ನಾಯಿ ಬಾಯಿಗೆ ಬೀಳಬಾರದು. ಪಾಯಸದಾಗಿನ ದ್ರಾಕ್ಷಿ ಪ್ರೀತಿಲೆ ತಿನಸ್ತಾರ, ಅದು ಮೂತ್ರಪಿಂಡ ಕೆಡಸ್ತೈತಿ. ನಮ್ಮಲ್ಲೆ ಜ್ವಾಳದ ನುಚ್ಚು, ಮಸರು, ಬೇಸಿದ ತತ್ತಿ ಕೊಡ್ತೇವಿ, ಉಪ್ಪಿಲ್ಲ, ಖಾರಿಲ್ಲ.

— ಅಕ್ಕಾರ, ಒಂದು ಮಾತು ಕೇಳ್ಲೇನ್ರಿ? ನಮ್ಮೂರಾಗ ಮಂದಿ ಅಂತಾರ: ನಾಯಿಗೆ ಮಂಚಾ, ಫ್ಯಾನ್, ಮನಷ್ಯಾರಿಗೆ ಮನಿ ಇಲ್ಲ ಅಂತ. ಅದಕ್ಕ ನನ್ನ ಹತ್ರ ಉತ್ತರ ಇಲ್ಲ.

— ಇದನ್ನ ಕೇಳಿದ್ದು ಚಲೋ ಆತು. ನಮ್ಮ ತೋಟದಾಗ ಒಬ್ಬ ಹಿರೇ ಮನಷ್ಯಾ ಕೆಲಸ ಮಾಡ್ತಾನ, ಹೊಲೇರ ಓಣಿಯಂವ. ಮೊದಲನೇ ಸಲ ನಾಯಿ ಜಗಲಿ ಹತ್ತಿ ಮಲಗಿದ್ದು ನೋಡಿ ಸುಮ್ಮನ ನಿಂತ. ಆಮ್ಯಾಲ ಅಂದ, ಅವ್ವಾರ, ನಮ್ಮಪ್ಪ ಈ ಮನಿ ಜಗಲಿ ಕೆಳಗ ನಿಂತ ನೀರ ಕೇಳ್ತಿದ್ದ, ಮ್ಯಾಲಿಂದ ಬೊಗಸಿಗೆ ಸುರೀತಿದ್ರು, ಅಂತ. ಸಿಟ್ಟಿಲೆ ಅನ್ನಲಿಲ್ಲ. ಇದ್ದದ್ದು ಹೇಳಿದ. ನಮ್ಮ ಅಜ್ಜಾರ ಕಾಲದ್ದು ಅದು, ಈ ಜಗಲಿಯದ. ಅವತ್ತ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಮರುದಿನದಿಂದ ಕೆಲಸದವರು, ನಾವು, ಬಂದವರು ಒಂದ ಜಗಲಿ ಮ್ಯಾಲ, ಒಂದ ನಮೂನಿ ತಾಟಿನ್ಯಾಗ ಊಟ. ಚಾದ ಕಪ್ಪು ಬ್ಯಾರೆ ಇಡೂ ಮನಿಯವರು ನಾಯಿಗೆ ಹಾಸಿಗಿ ಹಾಸಿದ್ರ ಅದನ್ನ ನಾ ಪ್ರೀತಿ ಅನ್ನೂದಿಲ್ಲ. ನೀ ಆ ಮಂದಿಗೆ ಬಾಯಿಲೆ ಉತ್ತರ ಕೊಡಾಕ ಹೋಗಬ್ಯಾಡ. ನಿನ್ನ ಕಟ್ಟಿ ಮ್ಯಾಲ ಯಾರ್ಯಾರು ಕೂಡ್ತಾರ ಅಂತ ಅವರು ನೋಡ್ಲಿ.

— ನಾಯಿ ಸಾಕೂದ ಪರದೇಶದ ಷೋಕಿ ಅನ್ನಾವರೂ ಅದಾರ್ರಿ.

— ಅವರಿಗೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡಕ್ಕ ಹೋಗಿ ಬರ್ರಿ ಅನ್ನು. ಮೈಲಾರಲಿಂಗನ ಗೊರವರು ತಾವು ಆ ದೇವರ ನಾಯಿ ಅಂತ ನಂಬಿ ಬೊಗಳ್ತಾರ, ದೋಣ್ಯಾಗ ಹಾಕಿದ ಹಾಲು ಬಾಳಿಹಣ್ಣು ಮಂಡಿಯೂರಿ ಬಾಯಿಲೆ ತಿಂತಾರ. ಮಂಡ್ಯದ ಕಡೆ ಆತಕೂರಾಗ ಕಾಳಿ ಅನ್ನೂ ನಾಯಿಗೆ ಕಲ್ಲು ನಿಲ್ಲಿಸಿದ್ರು, ಕ್ರಿ.ಶ. 949–50ರ ಸುಮಾರಿನ್ಯಾಗ. ಮಣಲೇರ ಅನ್ನೂ ವೀರಗ ಅರಸ ಏನ್ ಬೇಕು ಕೇಳು ಅಂದ್ರ, ಅಂವ ಆ ನಾಯಿನ್ನ ಕೇಳಿದ. ಅದು ಕಾಡಹಂದಿ ಜೋಡಿ ಹೋರಾಡಿ ಸತ್ತಾಗ ಅದರ ಹೆಸರಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜಿಗೆ ಏರ್ಪಾಡು ಮಾಡಿದ. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್‌ದಾಗ ಐತಿ. ಸಾವಿರ ವರ್ಷದ ಹಿಂದ ಕನ್ನಡದಾಗ ನಾಯಿ ಹೆಸರು ಕಲ್ಲಿನ ಮ್ಯಾಲ ಬರದವರು ನಾವು.

— ಕಾಗದಪತ್ರದ ಕೆಲಸ?

— ಪ್ರವಾಸೋದ್ಯಮ ಇಲಾಖ್ಯಾಗ ಹೋಮ್‌ಸ್ಟೇ ಅಂತ ನೋಂದಣಿ ಮಾಡಸು. ಹೋಮ್‌ಸ್ಟೇ ಅಂದ್ರ ಮನಿಯವರು ಅಲ್ಲೇ ವಾಸ ಇರಬೇಕು, ನೀ ಹುಬ್ಬಳ್ಳ್ಯಾಗ ಕೂತು ಫೋನಿನ್ಯಾಗ ನಡಸೂದಲ್ಲ. ಪಂಚಾಯ್ತಿ ಒಪ್ಪಿಗಿ, ಪೊಲೀಸ್ ಠಾಣ್ಯಾಕ ಮಾಹಿತಿ. ಹೊಲದಾಗ ವ್ಯಾಪಾರಕ್ಕಂತ ಕಟ್ಟೂದಾದ್ರ ಅಷ್ಟು ಜಾಗಾ ಎನ್‌ಎ ಮಾಡಸಬೇಕು. ಶಿಗ್ಗಾವಿ ತಾಲೂಕಿನ ಅಗಡಿ ತೋಟಕ್ಕ ಒಂದ್ ಸಲ ಹೋಗಿ ಬಾ. ಅಲ್ಲಿ ನಾಯಿ ಮಾತಲ್ಲ, ಸಾವಯವ ಬೇಸಾಯ ಮಾಡ್ಕೋತ ಹೊಲವನ್ನ ಬಂದವರಿಗೆ ತೋರಸೂದನ್ನ ಹೆಂಗ ಕಸಬು ಮಾಡ್ಕೋಬಹುದು ಅನ್ನೂದು ಕಣ್ಣಿಗೆ ಕಾಣತೈತಿ. ಈಗ ಬೇಲಿಗೆ ಬರೂಣು. ನಿನ್ನ ನಾಕು ಎಕರೆ ಯಾವ ಕಡಿಗೆ ಹೆಂಗೈತಿ ಬರದು ತೋರಸು.

— ಇದು ರಸ್ತಾ. ಇದು ಗುಡ್ಡದ ಇಳಕಲು. ಈ ಮೂಲಿಯಿಂದ ನೀರು ಚಂದ ಕಾಣತೈತ್ರಿ, ಮನಿ ಇಲ್ಲೆ ಕಟ್ಟಬೇಕಂತ.

— ಈ ನಡುವ ಗೆರಿ ಏನು?

— ಅದು ಹಾದಿ. ದನಾ ನೀರಿಗೆ ಹೋಗ್ತಾವ. ಸುಗ್ಗಿ ಆದ ಮ್ಯಾಲ ಕುರಿನೂ ಅದ ಹಾದಿ ಹಿಡದು ಇಳೀತಾವ. ಕಾಗದದಾಗ ಹಾದಿ ಅಂತ ಏನೂ ಇಲ್ರಿ, ಜಾಗಾ ನಮ್ಮದ. ಬೇಲಿ ಹಾಕಿದ್ರ ಯಾರೂ ಕೇಳಾಕ ಬರೂದಿಲ್ಲ.

— ಬರೂದಿಲ್ಲ ಅನ್ನೂದ ನನಗೂ ಗೊತ್ತೈತಿ. ಅವರು ಸುಮ್ಮನ ಗುಡ್ಡಾ ಸುತ್ತಿ ಹೋಗ್ತಾರ. ಅದರ ಸಲುವಾಗೇ ಹೇಳ್ತೇನಿ, ಹಾದಿ ಬಿಡು. ರಸ್ತಾದ ಕಡಿಗೆ ಅರ್ಧಾ ಎಕರೆ ಸಾಕು, ಅಷ್ಟಕ್ಕ ಆರಡಿ ಜಾಳಗಿ ಹಾಕು, ಒಂದ ಮನಿ ಕಟ್ಟು. ಹಾದಿಗೂ ಬೇಲಿಗೂ ನಡುವ ಒಂದಿಪ್ಪತ್ತು ಮಾರು ಬಯಲು ಇರಲಿ, ಅಲ್ಲೆ ದಟ್ಟ ಹಸರು ಬೇಲಿ ಬೆಳಸು. ಕುರಿಗೆ ನಾಯಿ ಕಾಣಬಾರದು, ನಾಯಿಗೆ ಕುರಿ ಕಾಣಬಾರದು.

— ರಸ್ತಾದ ಕಡಿಗೆ ಕಟ್ಟಿದ್ರ ನೀರು ಕಾಣೂದಿಲ್ಲಲ್ರಿ. ಆ ನೋಟಕ್ಕಂತ ನಾ ಈ ಎಲ್ಲಾ ವಿಚಾರ ಮಾಡಿದ್ದು.

— ಕಾಣೂದಿಲ್ಲ. ಬಂದವರು ಹಗ್ಗ ಹಿಡ್ಕೊಂಡು ನಡದು ಹೋಗಿ ನೋಡ್ತಾರ.

— ನೋಟಾ ಇಲ್ಲಂದ್ರ ಬಾಡಿಗಿ ಕಡಿಮಿ ಆಗತೈತಿ.

— ಆಗತೈತಿ.

— ಅಪ್ಪಗ ಒಂದು ಮಾತು ಕೇಳ್ತೇನ್ರಿ. ಹಿಂಡಿನವರ ಫೋನ್ ನಂಬರ್ ಅವನ ಹತ್ರ ಇರಬೇಕು.

— ಕೇಳು. ಈ ಸಲ ಯಾವ ವಾರಕ್ಕ ಇಳೀತಾರ ಅನ್ನೂದೂ ಕೇಳಿ ಇಟ್ಕೊ. ಅವರು ದಾಟೂ ತನಕ ಕಂಬದ ಕುಣಿ ತೋಡಸಬ್ಯಾಡ, ಮರಿ ಬೀಳ್ತಾವ.